ಮೆಕ್ಸಿಕೊದ ವಲಸಿಗ ಕುಟುಂಬಗಳ ನಡುವೆ ಕೆಲಸ: ಎಲ್ಲಿಂದ ಶುರು ಮಾಡಬೇಕು?

ಅಮೆರಿಕದಲ್ಲಿ ಪಾಠ ಹೇಳುವ ಕನ್ನಡಿಗರ ಗುಂಪಿನ ಪ್ರಶ್ನೋತ್ತರ. ಉತ್ತರಿಸಿದವರು ಇಲಿನಾಯ್ಸ್‌ನ ಸರ್ಕಾರಿ ಶಾಲೆಗಳಲ್ಲಿ ಸ್ಪ್ಯಾನಿಷ್–ಇಂಗ್ಲಿಷ್ ದ್ವಿಭಾಷಾ ತರಗತಿಗಳನ್ನು ನಡೆಸಿ ನಿವೃತ್ತರಾದ ಶಿಕ್ಷಕಿ.

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನದ ಕಡೆಯವಳು, ಈಗ ಶಿಕಾಗೊದ ಪಶ್ಚಿಮ ಉಪನಗರವೊಂದರಲ್ಲಿದ್ದೇನೆ. ಶಾಲೆ ಬಿಟ್ಟ ಮೇಲೆ ಇಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮಕ್ಕಳ ಮನೆಪಾಠಕ್ಕೆ ನೆರವಾಗುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊದ ಮಿಚೊವಕಾನ್, ಗೆರೆರೊ ರಾಜ್ಯಗಳಿಂದ ಬಂದ ಕುಟುಂಬಗಳವರು. ತಾಯಿ ಸ್ಪ್ಯಾನಿಷ್‌ನಲ್ಲಿ ಕೇಳಿದ್ದಕ್ಕೆ ಮಕ್ಕಳು ಇಂಗ್ಲಿಷ್‌ನಲ್ಲಿ ಉತ್ತರಿಸುತ್ತಾರೆ, ಅದೂ ತಲೆ ತಗ್ಗಿಸಿಕೊಂಡು. ಗ್ರಂಥಾಲಯದವರು ಮೇ 5ಕ್ಕೆ ಮೆಕ್ಸಿಕೊ ಸಂಸ್ಕೃತಿಯ ಕಾರ್ಯಕ್ರಮವೊಂದನ್ನು ಮಾಡೋಣ ಎನ್ನುತ್ತಿದ್ದಾರೆ. ಬಣ್ಣದ ಕಾಗದದ ತೋರಣ, ಟ್ಯಾಕೊ, ಒಂದು ನೃತ್ಯ. ಇಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ನಮಸ್ಕಾರ. ಮೊದಲು ತಾರೀಖಿನ ವಿಷಯ ಮುಗಿಸುತ್ತೇನೆ. ಮೇ 5 ಮೆಕ್ಸಿಕೊದ ಸ್ವಾತಂತ್ರ್ಯ ದಿನವಲ್ಲ. 1862ರಲ್ಲಿ ಪ್ಯುಯೆಬ್ಲಾ ನಗರದ ಬಳಿ ಜನರಲ್ ಇಗ್ನಾಸಿಯೊ ಸರಗೋಸಾ ನೇತೃತ್ವದ ಸೇನೆ ಫ್ರೆಂಚರನ್ನು ಸೋಲಿಸಿದ ದಿನ ಅದು. ಅಲ್ಲಿಗಿಂತ ಅಮೆರಿಕದಲ್ಲೇ ಅದರ ಸದ್ದು ಹೆಚ್ಚು. ನಿಮ್ಮ ತಾಯಂದಿರ ಮನಸ್ಸಿನಲ್ಲಿರುವ ಹಬ್ಬ ಸೆಪ್ಟೆಂಬರ್ 15ರ ರಾತ್ರಿಯದು. 1810ರಲ್ಲಿ ಡೊಲೋರೆಸ್ ಎಂಬ ಊರಿನ ಪಾದ್ರಿ ಮಿಗೆಲ್ ಇಡಾಲ್ಗೊ ಜನರನ್ನು ದಂಗೆಗೆ ಕರೆದುದರ ನೆನಪಿಗೆ ಪ್ರತಿ ಊರಿನ ಚೌಕದಲ್ಲೂ, ಹೊರದೇಶಗಳಲ್ಲಿರುವ ಮೆಕ್ಸಿಕೊದ ಕಾನ್ಸುಲೇಟುಗಳಲ್ಲೂ ಆ ಕೂಗನ್ನು ಮತ್ತೆ ಕೂಗುತ್ತಾರೆ. ಕಾರ್ಯಕ್ರಮವನ್ನು ಸೆಪ್ಟೆಂಬರ್‌ಗೆ ಮುಂದೂಡಿ. ನಿಮಗೆ ಸಮಯವೂ ಸಿಗುತ್ತದೆ.

ಆ ಸಮಯದಲ್ಲಿ ತೋರಣ ಕತ್ತರಿಸಬೇಡಿ, ತಾಯಂದಿರಿಗೆ ಪಾಠ ಶುರು ಮಾಡಿ. ನನ್ನ ಇಡೀ ವೃತ್ತಿಯಿಂದ ಹೇಳಬಹುದಾದ ಮಾತು ಇದೊಂದೇ ಎಂದರೂ ಸರಿ. ಮಕ್ಕಳು ತಲೆ ತಗ್ಗಿಸುವುದು ಸ್ಪ್ಯಾನಿಷ್ ಎಂಬ ಕಾರಣಕ್ಕಲ್ಲ. ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ ಅಮ್ಮನ ಪರವಾಗಿ ಮಾತನಾಡುವುದು ಎಂಟು ವರ್ಷದ ಮಗುವಿನ ಪಾಲಿಗೆ ಬಂದಿರುತ್ತದೆ. ಅಮ್ಮನಿಗೆ ಏನೂ ಗೊತ್ತಿಲ್ಲ ಎಂದು ಮಗು ತೀರ್ಮಾನಿಸುವುದು ಅಲ್ಲಿ. ಅಮ್ಮ ಹೇಳುವ ಕಥೆ, ಅಮ್ಮನ ಹಾಡು, ಅಮ್ಮನ ಊರು ಎಲ್ಲವೂ ಆ ತೀರ್ಮಾನದೊಳಗೆ ಸೇರಿಹೋಗುತ್ತವೆ. ವರ್ಷಕ್ಕೊಮ್ಮೆ ಕುಣಿಸಿದರೆ ಅದು ಅಳಿಸುವುದಿಲ್ಲ. ಅದೇ ಅಮ್ಮ ಪುಸ್ತಕ ಬಿಚ್ಚಿಕೊಂಡು ಮಗನ ಪಕ್ಕದ ಮೇಜಿನಲ್ಲಿ ಲೆಕ್ಕ ಬಿಡಿಸುತ್ತಾ ಕುಳಿತರೆ ಅವನ ನೋಟ ಬದಲಾಗುವುದನ್ನು ನೀವೇ ಕಾಣುತ್ತೀರಿ.

ಇದಕ್ಕೆ ಮೆಕ್ಸಿಕೊ ಸರ್ಕಾರದಲ್ಲೇ ಒಂದು ವ್ಯವಸ್ಥೆಯಿದೆ. ವಯಸ್ಕರ ಶಿಕ್ಷಣಕ್ಕಾಗಿ 1981ರಲ್ಲಿ ಅಲ್ಲಿ ಇನೆಆ ಎಂಬ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. ವಿದೇಶದಲ್ಲಿರುವ ಮೆಕ್ಸಿಕನ್ನರಿಗಾಗಿ ವಿದೇಶಾಂಗ ಸಚಿವಾಲಯ 2003ರಲ್ಲಿ ಇಮೆ ಎಂಬ ಸಂಸ್ಥೆಯನ್ನು ಕಟ್ಟಿತು. ಇವೆರಡೂ ಕೈಜೋಡಿಸಿ ನಡೆಸುವ ಕಲಿಕಾ ಕೇಂದ್ರಗಳಿಗೆ ಪ್ಲಾಸಾ ಕೊಮುನಿತಾರಿಯಾ ಎನ್ನುತ್ತಾರೆ. ಅಕ್ಷರಾಭ್ಯಾಸದಿಂದ ಹಿಡಿದು ಪ್ರಾಥಮಿಕ ಮತ್ತು ಮಾಧ್ಯಮಿಕ ಹಂತದವರೆಗೆ ಸ್ಪ್ಯಾನಿಷ್‌ನಲ್ಲಿ ಕಲಿಯಬಹುದು. ಪರೀಕ್ಷೆ ಪಾಸಾದವರಿಗೆ ಮೆಕ್ಸಿಕೊದ ಪ್ರಮಾಣಪತ್ರವೇ ಸಿಗುತ್ತದೆ. ಇಂತಹ ಕೇಂದ್ರಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗ್ರಂಥಾಲಯ, ಚರ್ಚು, ಸಮುದಾಯ ಕಾಲೇಜು, ಶಾಲೆಯ ಖಾಲಿ ಕೋಣೆ ಯಾವುದಾದರೂ ಆದೀತು. ನಿಮ್ಮ ಗ್ರಂಥಾಲಯದ ನಿರ್ದೇಶಕರನ್ನು ಕರೆದುಕೊಂಡು ಶಿಕಾಗೊದ ಮೆಕ್ಸಿಕನ್ ಕಾನ್ಸುಲೇಟಿನಲ್ಲಿ ಸಮುದಾಯ ವ್ಯವಹಾರಗಳ ವಿಭಾಗಕ್ಕೆ ಹೋಗಿ. ಹತ್ತಿರದಲ್ಲಿ ಈಗಾಗಲೇ ಕೇಂದ್ರವಿದೆಯೇ ಎಂದು ಮೊದಲು ಕೇಳಿ. ಇದ್ದರೆ ಅದರ ಜೊತೆ ಸೇರಿಕೊಳ್ಳಿ, ಇಲ್ಲದಿದ್ದರೆ ಹೊಸದನ್ನು ತೆರೆಯುವ ಮಾತು.

ಪ್ರಶ್ನೆ (ಅದೇ ಸದಸ್ಯೆ): ಇಲ್ಲಿರುವವಳಿಗೆ ಅಲ್ಲಿನ ಪ್ರಾಥಮಿಕ ಶಾಲೆಯ ಪ್ರಮಾಣಪತ್ರದಿಂದ ಏನು ಉಪಯೋಗ? ಅವರಿಗೆ ಬೇಕಾದದ್ದು ಇಂಗ್ಲಿಷ್ ಅಲ್ಲವೇ?

ಉತ್ತರ: ಇಂಗ್ಲಿಷ್ ಬೇಕೇ ಬೇಕು. ಅದಕ್ಕೇ ಇದು ಬೇಕು. ಮೂರನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕಿಳಿದವರನ್ನು ನೇರವಾಗಿ ಇಂಗ್ಲಿಷ್ ವ್ಯಾಕರಣದ ಮುಂದೆ ಕೂರಿಸಿದರೆ ಬಹುಬೇಗ ಬರುವುದನ್ನೇ ನಿಲ್ಲಿಸುತ್ತಾರೆ. ತನ್ನ ಮಾತಿನಲ್ಲಿ ಓದು ಬರಹ ಗಟ್ಟಿಯಾದವರು ಎರಡನೆಯ ಭಾಷೆಯ ಓದಿಗೆ ಧೈರ್ಯದಿಂದ ಕೈಹಾಕುತ್ತಾರೆ. ಹೈಸ್ಕೂಲಿಗೆ ಸಮಾನವಾದ ಜಿ.ಇ.ಡಿ. ಪರೀಕ್ಷೆಯನ್ನು ಸ್ಪ್ಯಾನಿಷ್‌ನಲ್ಲೂ ಬರೆಯಬಹುದು. ಆ ದಾರಿಗೂ ಇದೇ ಅಡಿಪಾಯ.

ಪ್ರಶ್ನೆ (ಡಲ್ಲಾಸ್‌ನ ಸದಸ್ಯರು): ಮೇಡಂ, ನಮ್ಮಲ್ಲಿ ತಂದೆ ತಾಯಿಯರೇ ‘ಮನೆಯಲ್ಲಿ ಇಂಗ್ಲಿಷ್ ಮಾತ್ರ’ ಎಂದು ನಿಯಮ ಮಾಡಿಕೊಂಡಿದ್ದಾರೆ. ಸ್ಪ್ಯಾನಿಷ್ ಉಳಿಸಿ ಎಂದರೆ ಮಗು ಹಿಂದೆ ಬೀಳುತ್ತದೆ ಎಂದು ಹೆದರುತ್ತಾರೆ.

ಉತ್ತರ: ಆ ಹೆದರಿಕೆಗೆ ಇತಿಹಾಸವಿದೆ, ಅವರನ್ನು ದೂರಬೇಡಿ. ಟೆಕ್ಸಾಸ್‌ನ ಶಾಲೆಗಳಲ್ಲಿ ಸ್ಪ್ಯಾನಿಷ್ ಆಡಿದ ಮಕ್ಕಳಿಗೆ ಹೊಡೆಯುತ್ತಿದ್ದ ಕಾಲವನ್ನು ಕಂಡ ಅಜ್ಜ ಅಜ್ಜಿಯರು ಇನ್ನೂ ಇದ್ದಾರೆ. ಕ್ಯಾಲಿಫೋರ್ನಿಯಾದ ಮತದಾರರು 1998ರಲ್ಲಿ ದ್ವಿಭಾಷಾ ಶಿಕ್ಷಣಕ್ಕೆ ಹೆಚ್ಚು ಕಡಿಮೆ ಬಾಗಿಲು ಮುಚ್ಚಿದರು. ಅದನ್ನು ಮತ್ತೆ ತೆರೆದದ್ದು 2016ರ ಮತದಾನ.

ಇಂದು ಕಾನೂನು ನಿಮ್ಮ ಕಡೆಗಿದೆ. ನಿಮ್ಮ ಟೆಕ್ಸಾಸ್‌ನಲ್ಲಿ ಇಂಗ್ಲಿಷ್ ಕಲಿಯುತ್ತಿರುವ, ಒಂದೇ ಮನೆಮಾತಿನ 20 ಮಕ್ಕಳು ಶಾಲಾ ಜಿಲ್ಲೆಯ ಒಂದೇ ತರಗತಿಯ ಹಂತದಲ್ಲಿದ್ದರೆ ದ್ವಿಭಾಷಾ ಶಿಕ್ಷಣ ಕೊಡಲೇಬೇಕು. ನಮ್ಮ ಇಲಿನಾಯ್ಸ್‌ನಲ್ಲಿ ಒಂದೇ ಶಾಲೆಯಲ್ಲಿ ಅಂತಹ 20 ಮಕ್ಕಳಿದ್ದರೆ ಅದೇ ನಿಯಮ. ಎರಡು ಭಾಷೆಗಳಲ್ಲಿ ಓದು ಬರಹ ಬಲ್ಲ ವಿದ್ಯಾರ್ಥಿಯ ಹೈಸ್ಕೂಲ್ ಡಿಪ್ಲೊಮಾ ಮೇಲೆ ವಿಶೇಷ ಮುದ್ರೆ ಹಾಕುವ ಪದ್ಧತಿಗೆ ಕ್ಯಾಲಿಫೋರ್ನಿಯಾ 2011ರಲ್ಲಿ ಕಾನೂನು ಮಾಡಿತು, ಆಮೇಲೆ ಉಳಿದ ರಾಜ್ಯಗಳೂ ಅನುಸರಿಸಿದವು. ಪೋಷಕರಿಗೆ ಆ ಮುದ್ರೆಯ ಚಿತ್ರವನ್ನೇ ತೋರಿಸಿ. ಉಪದೇಶಕ್ಕಿಂತ ಅದು ಬೇಗ ನಾಟುತ್ತದೆ.

ಪ್ರಶ್ನೆ (ಮೊದಲ ಸದಸ್ಯೆ): ಗೆರೆರೊದ ಬೆಟ್ಟದ ಸೀಮೆಯಿಂದ ಬಂದ ಹುಡುಗನೊಬ್ಬನಿದ್ದಾನೆ. ಅವನಿಗೆ ಸ್ಪ್ಯಾನಿಷ್ ಕೂಡ ಅಷ್ಟಕ್ಕಷ್ಟೇ. ಕಲಿಕೆಯಲ್ಲೇ ತೊಂದರೆಯಿರಬಹುದು ಎಂದು ಶಾಲೆಯವರು ಹೇಳುತ್ತಿದ್ದಾರಂತೆ.

ಉತ್ತರ: ಇದನ್ನು ಓದಿ ನನಗೆ ಸಂಕಟವಾಯಿತು. ಇಂತಹ ಮಕ್ಕಳನ್ನು ಬೇಕಾದಷ್ಟು ಕಂಡಿದ್ದೇನೆ. ಇಂದೇ ಅವನ ತಾಯಿಯನ್ನು ಕೇಳಿ: ಮನೆಯಲ್ಲಿ ಅಜ್ಜಿಯೊಡನೆ ಯಾವ ಮಾತು? ಗೆರೆರೊದ ಬೆಟ್ಟದ ಸೀಮೆ ಎಂದರೆ ಮಿಶ್ತೆಕೊ, ನಾವತ್ಲ್, ತ್ಲಾಪನೆಕೊ ಭಾಷೆಗಳ ನೆಲ. ಆ ಹುಡುಗನಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು ಆಗಿರುವ ಸಾಧ್ಯತೆಯೇ ಹೆಚ್ಚು. ಶಾಲೆಗೆ ಸೇರಿಸುವಾಗ ಮನೆಮಾತಿನ ಅರ್ಜಿಯಲ್ಲಿ ಯಾರೋ ‘ಸ್ಪ್ಯಾನಿಷ್’ ಎಂದು ಬರೆದಿರುತ್ತಾರೆ, ಆಮೇಲೆ ಪ್ರತಿಯೊಂದು ಪರೀಕ್ಷೆಯೂ ಅವನಿಗೆ ಬಾರದ ಭಾಷೆಯಲ್ಲಿ ನಡೆಯುತ್ತದೆ. ಆ ಅರ್ಜಿಯನ್ನು ತಿದ್ದಿಸಿ, ಅವನ ಭಾಷೆಯ ದುಭಾಷಿಯನ್ನು ಕರೆಸದೆ ಯಾವ ಮೌಲ್ಯಮಾಪನವೂ ಬೇಡವೆಂದು ಲಿಖಿತವಾಗಿ ಕೇಳಿಸಿ. ದುಭಾಷಿಯನ್ನು ಗೊತ್ತುಮಾಡುವಾಗ ಊರಿನ ಹೆಸರನ್ನೂ ಹೇಳಬೇಕು. ಒಂದು ಕಣಿವೆಯ ಮಿಶ್ತೆಕೊ ಇನ್ನೊಂದು ಕಣಿವೆಯವರಿಗೆ ತಿಳಿಯದಿರುವುದುಂಟು.

ಮೆಕ್ಸಿಕೊ ಸಂಸ್ಕೃತಿ ಎಂದು ಹೊರಟವರು ಎಡವುವುದು ಇಲ್ಲಿಯೇ. ಆ ದೇಶದ ಅಧಿಕೃತ ಪಟ್ಟಿಯಲ್ಲಿ 68 ಮೂಲನಿವಾಸಿ ಭಾಷೆಗಳಿವೆ, ಅವುಗಳ ಪ್ರಭೇದಗಳು 364. 2003ರ ಭಾಷಾ ಹಕ್ಕುಗಳ ಕಾನೂನು ಇವೆಲ್ಲವನ್ನೂ ಸ್ಪ್ಯಾನಿಷ್‌ನಂತೆಯೇ ರಾಷ್ಟ್ರೀಯ ಭಾಷೆಗಳೆಂದು ಒಪ್ಪಿದೆ. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್‌ನಲ್ಲಿ ಸ್ಟ್ರಾಬೆರಿ ಹೊಲಗಳಲ್ಲಿ ದುಡಿಯುವ ಮಿಶ್ತೆಕೊ ಜನರ ನಡುವೆ 2001ರಲ್ಲಿ ಹುಟ್ಟಿದ ಮಿಕೊಪ್ ಎಂಬ ಸಂಸ್ಥೆ ದುಭಾಷಿಗಳನ್ನು ಬೆಳೆಸುತ್ತಾ ಬಂದಿದೆ. ಲಾಸ್ ಏಂಜಲೀಸ್‌ನಲ್ಲಿ ಒಅಹಾಕಾ ರಾಜ್ಯದವರು ತಮ್ಮ ಗೆಲಗೆತ್ಸಾ ಉತ್ಸವವನ್ನು ತಾವೇ ನಡೆಸುತ್ತಾರೆ, ಹಳ್ಳಿಯ ಹಿತ್ತಾಳೆ ವಾದ್ಯಗಳ ಮೇಳಗಳು ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಂದಲೇ ತುಂಬಿವೆ. ನಮ್ಮ ಕನ್ನಡ ತರಗತಿಗಳಿಗೆ ಬರುವ ತುಳು, ಕೊಡವ, ಬ್ಯಾರಿ ಮನೆಗಳ ಮಕ್ಕಳನ್ನು ನೆನೆದುಕೊಂಡರೆ ಆ ಹುಡುಗನ ಸ್ಥಿತಿ ನಿಮಗೆ ಬೇಗ ಅರ್ಥವಾದೀತು.

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯರು): ಕಾನ್ಸುಲೇಟಿಗೆ ಹೋಗಿ ಎನ್ನುತ್ತೀರಿ. ಕಾಗದಪತ್ರಗಳಿಲ್ಲದ ಕುಟುಂಬಗಳು ಅಲ್ಲಿಗೆ ಹೋಗಲು ಹೆದರುವುದಿಲ್ಲವೇ?

ಉತ್ತರ: ಮೆಕ್ಸಿಕೊದ ಕಾನ್ಸುಲೇಟು ತನ್ನ ಪ್ರಜೆಗಳಿಗಾಗಿ ಇರುವುದು. ಅಮೆರಿಕದ ವೀಸಾ ಇದೆಯೇ ಎಂದು ಅದು ಕೇಳುವುದಿಲ್ಲ. ಮತ್ರಿಕುಲಾ ಎಂಬ ಗುರುತಿನ ಚೀಟಿಯನ್ನು ಅದು ಕೊಡುತ್ತಾ ಬಂದಿರುವುದು 1871ರಿಂದ. ಮಕ್ಕಳ ಶಾಲೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ, ಪ್ಲೈಲರ್ ಮತ್ತು ಡೋ ಮೊಕದ್ದಮೆಯಲ್ಲಿ, ವಲಸೆಯ ಸ್ಥಿತಿ ಏನೇ ಇರಲಿ ಸರ್ಕಾರಿ ಶಾಲೆ ಮಗುವಿಗೆ ಬಾಗಿಲು ಮುಚ್ಚುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಸ್ವಯಂಸೇವಕರಿಗೆ ನನ್ನದೊಂದು ಕಟ್ಟುನಿಟ್ಟಿನ ಮಾತು: ಯಾರ ವಲಸೆ ಸ್ಥಿತಿಯನ್ನೂ ಕೇಳಬೇಡಿ, ಎಲ್ಲಿಯೂ ಬರೆದಿಡಬೇಡಿ. ಕಾಗದಪತ್ರಗಳ ಬಗ್ಗೆ ಅವರೇ ಕೇಳಿದರೆ ವಲಸೆ ವಕೀಲರ ಬಳಿ ಕಳುಹಿಸಿ, ನೀವು ಸಲಹೆ ಕೊಡಬೇಡಿ.

ಪ್ರಶ್ನೆ (ಡಲ್ಲಾಸ್‌ನ ಸದಸ್ಯರು): ಇಷ್ಟೆಲ್ಲ ಮಾಡುವ ಮೆಕ್ಸಿಕೊ ಸರ್ಕಾರದ ಕಣ್ಣು ವಲಸಿಗರು ಕಳುಹಿಸುವ ಹಣದ ಮೇಲಲ್ಲವೇ?

ಉತ್ತರ: ಅದೂ ಇದೆ. 2023ರಲ್ಲಿ ಆ ದೇಶಕ್ಕೆ ವಲಸಿಗರಿಂದ ಬಂದದ್ದು 6,000 ಕೋಟಿ ಡಾಲರ್‌ಗೂ ಹೆಚ್ಚು. ವಲಸಿಗ ಸಮುದಾಯಗಳಿಗೆಂದು ವಿಶೇಷ ಕಾರ್ಯಕ್ರಮ ಶುರುವಾದದ್ದು 1990ರಲ್ಲಿ. 1988ರ ಚುನಾವಣೆಯಲ್ಲಿ ವಿರೋಧ ಪಕ್ಷದ ಕ್ವಾವ್ತೆಮೊಕ್ ಕಾರ್ಡೆನಾಸ್ ಅವರಿಗೆ ಗಡಿಯಾಚೆಯ ಮೆಕ್ಸಿಕನ್ನರಲ್ಲಿ ಸಿಕ್ಕ ಬೆಂಬಲ ಆಳುವವರ ಕಣ್ಣು ತೆರೆಸಿತ್ತು. ಆದರೂ ಅವರು ಕೊಡುವ ಪುಸ್ತಕ ಪುಸ್ತಕವೇ. 1959ರಲ್ಲಿ ಶುರುವಾದ ಉಚಿತ ಪಠ್ಯಪುಸ್ತಕ ಆಯೋಗದ ಪುಸ್ತಕಗಳು ಕಾನ್ಸುಲೇಟಿನ ಮೂಲಕ ಇಲ್ಲಿನ ಶಾಲೆ, ಗ್ರಂಥಾಲಯಗಳಿಗೂ ಬರುತ್ತವೆ. ಆ ಪುಸ್ತಕವನ್ನು ಕಂಡೊಡನೆ ತಾಯಂದಿರ ಬಾಯಿಂದ ತಮ್ಮ ಶಾಲೆಯ ಸುದ್ದಿ ತಾನಾಗಿ ಹೊರಡುತ್ತದೆ. ಅಷ್ಟಕ್ಕಾಗಿಯಾದರೂ ತರಿಸಿಕೊಳ್ಳಿ.

ನಾನು ಒಪ್ಪದಿರುವುದು ಎಲ್ಲವನ್ನೂ ಸರ್ಕಾರಕ್ಕೆ ಬಿಡುವುದನ್ನು. 1920ರ ದಶಕದಲ್ಲಿ ಲಾಸ್ ಏಂಜಲೀಸ್ ಸುತ್ತ ಕಾನ್ಸುಲೇಟಿನ ಬೆಂಬಲದಿಂದ ಮೆಕ್ಸಿಕನ್ ಶಾಲೆಗಳು ತೆರೆದವು. ಹಣ ಸಾಲದೆ, ಆಮೇಲೆ ಆರ್ಥಿಕ ಕುಸಿತವೂ ಬಂದು, ಉಳಿಯಲಿಲ್ಲ. ಇದಕ್ಕೆ ಎದುರಾಗಿ ನಮ್ಮದೇ ಶಿಕಾಗೊದ ಪಿಲ್ಸೆನ್ ಬಡಾವಣೆಯನ್ನು ನೋಡಿ. 1982ರಲ್ಲಿ ಕಾರ್ಲೊಸ್ ತೊರ್ತೊಲೆರೊ ಎಂಬ ಶಿಕ್ಷಕ ತನ್ನಂತಹ ಕೆಲವು ಶಿಕ್ಷಕರನ್ನು ಸೇರಿಸಿಕೊಂಡು 900 ಡಾಲರ್ ಬಂಡವಾಳದಲ್ಲಿ ಕಟ್ಟಲು ಹೊರಟದ್ದು ಇಂದಿನ ರಾಷ್ಟ್ರೀಯ ಮೆಕ್ಸಿಕನ್ ಕಲಾ ವಸ್ತುಸಂಗ್ರಹಾಲಯ. 1987ರಲ್ಲಿ ಬಾಗಿಲು ತೆರೆದಂದಿನಿಂದ ಪ್ರವೇಶ ಉಚಿತ. ಕೂಲಿ ಕೆಲಸದ ಕುಟುಂಬ ಭಾನುವಾರ ಐದು ಮಕ್ಕಳನ್ನು ಕರೆದುಕೊಂಡು ಬರಬೇಕಾದರೆ ಟಿಕೆಟ್ ಇರಬಾರದು ಎಂಬುದನ್ನು ಶಿಕ್ಷಕರಲ್ಲದೆ ಬೇರೆ ಯಾರು ಅಷ್ಟು ಗಟ್ಟಿಯಾಗಿ ಹಿಡಿದಾರು! ಸತ್ತವರ ಹಬ್ಬದ ಪ್ರದರ್ಶನ ಅಲ್ಲಿ ಪ್ರತಿ ವರ್ಷ ನಡೆಯುತ್ತದೆ. ನಿಮ್ಮ ಮಕ್ಕಳನ್ನೂ ತಾಯಂದಿರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ, ಸತ್ತವರ ನೆನಪಿಗೆ ಅಲಂಕರಿಸಿದ ಪೀಠದ ಮುಂದೆ ವಿವರಿಸುವ ಕೆಲಸವನ್ನು ತಾಯಂದಿರಿಗೆ ಬಿಡಿ.

ಪ್ರಶ್ನೆ (ನ್ಯೂಜೆರ್ಸಿಯ ಸದಸ್ಯರು): ಕುಟುಂಬ ಮೆಕ್ಸಿಕೊಗೆ ವಾಪಸು ಹೋದರೆ ಇಲ್ಲಿ ಓದಿದ ಮಕ್ಕಳ ಗತಿಯೇನು?

ಉತ್ತರ: ಹೊರಡುವ ಮೊದಲು ಶಾಲೆಯಿಂದ ಅಂಕಪಟ್ಟಿ ಪಡೆದುಕೊಳ್ಳಲಿ, ಮಗುವಿನ ಜನನ ಪ್ರಮಾಣಪತ್ರದ ಪ್ರತಿಯನ್ನೂ ಇಟ್ಟುಕೊಳ್ಳಲಿ. ಎರಡೂ ದೇಶಗಳ ನಡುವೆ ವಲಸೆ ಮಕ್ಕಳ ಶಿಕ್ಷಣಕ್ಕೆಂದೇ ಪ್ರೊಬೆಮ್ ಎಂಬ ಕಾರ್ಯಕ್ರಮವಿದೆ, ಅದರಲ್ಲಿ ವರ್ಗಾವಣೆಯ ದಾಖಲೆಯ ಒಂದು ಸಾಮಾನ್ಯ ನಮೂನೆಯೂ ಇದೆ. ಮೊದಲು ಅಮೆರಿಕದ ದಾಖಲೆಗಳಿಗೆ ಅಪೊಸ್ಟಿಲ್ ಮುದ್ರೆ (ದಾಖಲೆ ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ) ಇಲ್ಲವೆಂದು ಅಲ್ಲಿನ ಶಾಲೆಗಳು ಮಕ್ಕಳನ್ನು ಅಲೆಸುತ್ತಿದ್ದವು. 2015ರಲ್ಲಿ ಆ ಷರತ್ತನ್ನು ತೆಗೆದರು. ಹಳೆಯ ನಿಯಮವನ್ನೇ ಹಿಡಿದು ಕುಳಿತ ಮುಖ್ಯೋಪಾಧ್ಯಾಯರು ಎದುರಾದರೆ ಪೋಷಕರು ಇದನ್ನು ಹೇಳಬೇಕು. ತಂದೆ ಅಥವಾ ತಾಯಿ ಮೆಕ್ಸಿಕೊ ಪ್ರಜೆಯಾಗಿದ್ದರೆ ಇಲ್ಲಿ ಹುಟ್ಟಿದ ಮಗುವಿಗೂ ಆ ಪೌರತ್ವದ ಹಕ್ಕಿದೆ. ಕಾನ್ಸುಲೇಟಿನಲ್ಲಿ ಜನನವನ್ನು ಇಲ್ಲಿರುವಾಗಲೇ ನೋಂದಾಯಿಸುವುದು ಸುಲಭ.

ಪ್ರಶ್ನೆ (ಮೊದಲ ಸದಸ್ಯೆ): ಗ್ರಂಥಾಲಯದವರು ಸೆಪ್ಟೆಂಬರ್‌ಗೆ ಒಪ್ಪಿದ್ದಾರೆ ಮೇಡಂ. ಹುಡುಗನ ಮನೆಯಲ್ಲಿ ಮಿಶ್ತೆಕೊ ಎಂದೂ ಗೊತ್ತಾಯಿತು. ತಾಯಂದಿರನ್ನು ಮೊದಲ ಸಲ ಕರೆಯುವಾಗ ಏನು ಹೇಳಲಿ?

ಉತ್ತರ: ‘ಓದು ಬಾರದವರಿಗೆ ತರಗತಿ’ ಎಂದು ಎಲ್ಲಿಯೂ ಬರೆಯಬೇಡಿ, ಒಬ್ಬರೂ ಬರುವುದಿಲ್ಲ. ಮಕ್ಕಳ ಮನೆಪಾಠದ ಹೊತ್ತಿಗೇ, ಅದೇ ಕೋಣೆಯಲ್ಲಿ ಇಡಿ. ಬೇರೆ ದಿನ, ಬೇರೆ ಹೊತ್ತು ಎಂದರೆ ರಾತ್ರಿ ಪಾಳಿಯವರು ತಪ್ಪಿಹೋಗುತ್ತಾರೆ. ಸಣ್ಣ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಇರಲಿ. ಆ ಮಿಶ್ತೆಕೊ ತಾಯಿಗೆ ನೀವೇ ಫೋನ್ ಮಾಡಿ ಕರೆಯಿರಿ, ಚೀಟಿ ಕಳುಹಿಸಿ ಸುಮ್ಮನಾಗಬೇಡಿ. ಮೊದಲ ದಿನ ಅರ್ಜಿ ತುಂಬಿಸುವುದೂ ಬೇಡ, ಪರೀಕ್ಷೆಯೂ ಬೇಡ. ಮೆಕ್ಸಿಕೊದ ದೊಡ್ಡ ನಕಾಶೆಯೊಂದನ್ನು ಗೋಡೆಗೆ ಹಾಕಿ, ಪ್ರತಿಯೊಬ್ಬರೂ ತಮ್ಮ ಊರನ್ನು ಮಕ್ಕಳಿಗೆ ತೋರಿಸಲಿ. ನಕಾಶೆಯಲ್ಲಿ ಹೆಸರಿಲ್ಲದ ಹಳ್ಳಿಗಳಿರುತ್ತವೆ, ಬರೆದುಕೊಳ್ಳಲು ಪೆನ್ ಕೊಡಿ. ಕಾನ್ಸುಲೇಟಿನ ಭೇಟಿಗೆ ಸಮಯ ನಿಗದಿಯಾದ ಮೇಲೆ ಇಲ್ಲಿಯೇ ತಿಳಿಸಿ, ಕೇಂದ್ರ ತೆರೆಯುವ ಕೋರಿಕೆಯ ಪತ್ರವನ್ನು ಸ್ಪ್ಯಾನಿಷ್‌ನಲ್ಲಿ ಬರೆದುಕೊಡುತ್ತೇನೆ.