ಲಿಪಿಡ್ ಹೆಚ್ಚಿಸಿದರೆ ಕೋಶಗಳೇ ಸಾಯುತ್ತಿವೆ, ಏನು ಮಾಡಲಿ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಕಲಬುರಗಿ): ಶರಣು ಮೇಡಂ. ಎಚ್‌ಇಕೆ 293 ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕೋಶಗಳು) ಲಿಪಿಡ್ ರಿಯೇಜೆಂಟ್, ಅಂದರೆ ಡಿಎನ್‌ಎಯನ್ನು ಒಳಗೆ ಒಯ್ಯುವ ಕೊಬ್ಬಿನಂಥ ವಸ್ತುವಿನ ಮೂಲಕ ಜಿಎಫ್‌ಪಿ ಪ್ಲಾಸ್ಮಿಡ್ (ಹಸಿರಾಗಿ ಹೊಳೆಯುವ ಪ್ರೊಟೀನಿನ ಜೀನ್ ಇರುವ ಡಿಎನ್‌ಎ ಉಂಗುರ) ಸೇರಿಸುತ್ತಿದ್ದೇನೆ. ಹಸಿರು ಹೊಳಪು ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಮಾತ್ರ. ಲಿಪಿಡ್ ಎರಡು ಪಟ್ಟು ಮಾಡಿದರೆ ಮರುದಿನ ಕೋಶಗಳು ಗುಂಡಗಾಗಿ, ತಳ ಬಿಟ್ಟು ತೇಲುತ್ತವೆ. ಲಿಪಿಡ್, ಡಿಎನ್‌ಎ ಬೆರೆಸುವುದು ಸೀರಂ (ರಕ್ತದಿಂದ ತೆಗೆದ ದ್ರವ) ಇರುವ ಮೀಡಿಯಂನಲ್ಲೇ (ಕೋಶಗಳ ಪೋಷಕ ದ್ರವ). ಬೆಂಗಳೂರಿನಿಂದ ಬರುವಾಗ ಮೇ ತಿಂಗಳ ಬಿಸಿಲಿಗೆ ರಿಯೇಜೆಂಟ್ ಕೆಟ್ಟಿರಬಹುದೇ?

ಉತ್ತರ: ಬಿಸಿಲನ್ನು ಆಮೇಲೆ ದೂರೋಣ, ಮೊದಲು ಸೀರಂ ಬಿಡಿ. ಡಿಎನ್‌ಎಯದು ಋಣ ಆವೇಶ, ಲಿಪಿಡ್‌ನದು ಧನ. ಆ ಸೆಳೆತದಿಂದಲೇ ಕಣ ಕಟ್ಟಿಕೊಳ್ಳುತ್ತದೆ. ಸೀರಂನ ಆಲ್ಬುಮಿನ್ ಕೂಡ ಋಣ ಆವೇಶದ್ದೇ. ಅದು ನಡುವೆ ನುಗ್ಗಿ ಲಿಪಿಡ್‌ಗೆ ಅಂಟಿದರೆ ಡಿಎನ್‌ಎಗೆ ಜಾಗವೆಲ್ಲಿ? ಕಣ ಕಟ್ಟುವವರೆಗಾದರೂ ಸೀರಂ ಇಲ್ಲದ ಮೀಡಿಯಂ ಬಳಸಿ.

ಲಿಪಿಡ್ ಸುರಿದಷ್ಟೂ ಜೀನ್ ಒಳಗೆ ಹೋಗುತ್ತದೆ ಎಂಬ ಲೆಕ್ಕವನ್ನು ದಯವಿಟ್ಟು ಕೈಬಿಡಿ. ಕೋಶಪೊರೆಗೆ ಅಂಟಲು ನೆರವಾಗುವ ಆ ಧನ ಆವೇಶವೇ ಹೆಚ್ಚಾದರೆ ಪೊರೆಯನ್ನು ಹಾಳುಮಾಡುತ್ತದೆ. 24 ವೆಲ್ (ಗುಳಿ) ಇರುವ ಪ್ಲೇಟಿನಲ್ಲಿ ಡಿಎನ್‌ಎ ಪ್ರಮಾಣ ಬದಲಿಸದೆ, ಪ್ರತಿ ಮೈಕ್ರೊಗ್ರಾಂಗೆ 1, 2, 3 ಮೈಕ್ರೊಲೀಟರ್ ಲಿಪಿಡ್ ಹಾಕಿ ನೋಡಿ. ಒಂದು ವೆಲ್‌ಗೆ ಲಿಪಿಡ್ ಮಾತ್ರ ಹಾಕಿ. ಅಲ್ಲೂ ಕೋಶಗಳು ಸತ್ತರೆ ತಪ್ಪು ಡಿಎನ್‌ಎಯದಲ್ಲ. ಲಿಪಿಡ್ ಹಾಕುವ ದಿನ ಮೀಡಿಯಂನಲ್ಲಿ ಆಂಟಿಬಯಾಟಿಕ್ ಬೇಡ. ಇಂತಹ ಬಹುತೇಕ ರಿಯೇಜೆಂಟ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್‌ಗೆ ಹಾಕಲೇಬಾರದು. ಅನುಮಾನವಿದ್ದರೆ ಹೊಸ ಟ್ಯೂಬಿನ ಜೊತೆ ಹೋಲಿಸಿ.

ಪ್ರಶ್ನೆ (ಉಪನ್ಯಾಸಕ, ಬೀದರ್): ಕಣ ಕೋಶದೊಳಗೆ ಹೋದರೂ ಎಲ್ಲ ಕೋಶಗಳೂ ಏಕೆ ಹೊಳೆಯುವುದಿಲ್ಲ ಮೇಡಂ?

ಉತ್ತರ: ಒಳಗೆ ಹೋಗುವುದು ಸುಲಭ ಸರ್, ಕಷ್ಟವಿರುವುದು ಆಮೇಲೆ. ಕಣವನ್ನು ಕೋಶ ಎಂಡೋಸೋಮ್ ಎಂಬ ಚೀಲದಲ್ಲಿ ಸೆರೆಹಿಡಿಯುತ್ತದೆ. ಬಹುಪಾಲು ಅಲ್ಲೇ ಕೊಳೆತು ಹೋಗುತ್ತದೆ. ತಪ್ಪಿಸಿಕೊಂಡ ಪ್ಲಾಸ್ಮಿಡ್ ಕೋಶಕೇಂದ್ರವನ್ನೂ ತಲುಪಬೇಕು. ಪ್ರೊಟೀನ್ ತಯಾರಿಸುವ ಸಂದೇಶ ಹೊತ್ತ ಎಂಆರ್‌ಎನ್‌ಎಗೆ ಆ ಎರಡನೇ ಕಷ್ಟವಿಲ್ಲ, ಕೋಶದ್ರವ ಸಾಕು. ಈಗಿನ ಲಸಿಕೆಗಳ ಲಿಪಿಡ್ ರಕ್ತದಲ್ಲಿ ಹೆಚ್ಚುಕಡಿಮೆ ತಟಸ್ಥ. ಎಂಡೋಸೋಮಿನ ಆಮ್ಲದಲ್ಲಿ ಮಾತ್ರ ಧನ ಆವೇಶ ಪಡೆದು ಆ ಪೊರೆಯನ್ನು ಕದಡುತ್ತದೆ. ನನಗೆ ಈ ವಿಷಯದಲ್ಲಿ ಬಹಳ ಮೆಚ್ಚುಗೆಯಾದ ಉಪಾಯವಿದು. ಇದೇ ಬಗೆಯ ಲಿಪಿಡ್‌ನಿಂದ 2018ರಲ್ಲಿ ಆನುವಂಶಿಕ ನರರೋಗವೊಂದರ ಪ್ಯಾಟಿಸಿರಾನ್ ಔಷಧ, 2020ರಲ್ಲಿ ಕೋವಿಡ್ ಲಸಿಕೆಗಳು ಬಂದವು. ಪುಣೆಯ ಜೆನೋವಾ ಕಂಪನಿಯ ಎಂಆರ್‌ಎನ್‌ಎ ಲಸಿಕೆಗೆ 2022ರಲ್ಲಿ ತುರ್ತು ಬಳಕೆಯ ಅನುಮತಿ ಸಿಕ್ಕಿತು. ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬಹುದು. ನಮ್ಮ ಭಾಗದ ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿಗೆ ಅದು ದೊಡ್ಡ ಸಂಗತಿ.

ವಿದ್ಯಾರ್ಥಿನಿ: ಮೂರೂ ಪ್ರಮಾಣದ ಚಿತ್ರಗಳನ್ನು ಹಾಕುತ್ತೇನೆ ಮೇಡಂ. ಎಷ್ಟು ಹೊತ್ತಿನ ನಂತರ ತೆಗೆಯಲಿ?

ಉತ್ತರ: 24 ಗಂಟೆಯ ನಂತರ ಒಮ್ಮೆ, 48 ಗಂಟೆಯ ನಂತರ ಇನ್ನೊಮ್ಮೆ. ಲಿಪಿಡ್ ಮಾತ್ರ ಹಾಕಿದ ವೆಲ್‌ನ ಚಿತ್ರವನ್ನೂ ಮರೆಯದೆ ಹಾಕಿ.