‘ಎರಡನೇ ಸೂಲು’ ಅಂದರೆ ಈದಾಗಿದೆಯಾ, ಇನ್ನೂ ಈಯಬೇಕಾ?

ಗೆಳೆಯರೇ,

ಹೊಸದಾಗಿ ತೋಟದ ಬದುಕು ಶುರು ಮಾಡಿದ್ದೇವೆ. ಮನೆ ಹಾಲಿಗೆಂದು ಮೊದಲ ಬಾರಿ ಎರಡು ಆಡು ತಂದೆವು. ಜೊತೆಯಿಲ್ಲದಿದ್ದರೆ ಆಡು ಅರಚಿ ಅರಚಿ ಸೊರಗುತ್ತದೆ, ಅದಕ್ಕೇ ಎರಡು. ಮಾರಿದವರು ದೊಡ್ಡದನ್ನು ತೋರಿಸಿ ‘ಇದು ಎರಡನೇ ಸೂಲು’ ಅಂದರು. ಎರಡು ಸಲ ಈದಿದೆ ಅಂತ ನಾನು ತಿಳಿದೆ. ಒಂದು ಸಲ ಈದು ಈಗ ಮತ್ತೆ ಗಬ್ಬವಾಗಿದೆ ಅಂತ ನನ್ನ ಹೆಂಡತಿ ತಿಳಿದಳು. ಇಬ್ಬರೂ ಕೇಳಿದ್ದು ಒಂದೇ ಮಾತು!

ಇದು ಸುಮ್ನೆ ಪದದ ಜಗಳ ಅಲ್ಲ. ಆಡಿನ ಗಬ್ಬ ಸುಮಾರು 150 ದಿನ. ಕೊನೆಯ ಎರಡು ತಿಂಗಳು ಹಾಲು ಬತ್ತಿಸಬೇಕು. ಕೆಚ್ಚಲಿಗೆ ಬಿಡುವು ಬೇಕು, ಹೊಟ್ಟೆಯಲ್ಲಿರುವ ಮರಿಗೂ ಕಸುವು ಬೇಕು. ಹಾಲು ಕೊಡುತ್ತಿರುವಾಗಲೇ ಆಡು ಮತ್ತೆ ಗಬ್ಬವಾಗಬಹುದು. ಹಾಗಾಗಿ ಹಾಲಿದೆ ಅಂದಮಾತ್ರಕ್ಕೆ ಗಬ್ಬವಿಲ್ಲ ಅನ್ನುವ ಹಾಗಿಲ್ಲ. ಪದದ ಅರ್ಥ ತಪ್ಪಿದರೆ ಕರೆಯುವ ಲೆಕ್ಕವೇ ತಪ್ಪುತ್ತದೆ.

ಮರುದಿನ ಫೋನ್ ಮಾಡಿ ಕೇಳಿದೆ. ಎರಡನೇ ಸಲ ಈದು ಮೂರು ತಿಂಗಳಾಗಿದೆ, ಆಮೇಲೆ ಹೋತದ ಜೊತೆ ಬಿಟ್ಟಿಲ್ಲ ಅಂದರು. ಆಡಿನ ಚಿಂತೆ ಕಳೆಯಿತು, ಪದದ ಚಿಂತೆ ಉಳಿಯಿತು.

ಕನ್ನಡದಲ್ಲಿ ಸೂಲು ಅಂದರೆ ಹೆರಿಗೆ. ಹೆರಿಗೆ ಮಾಡಿಸುವವಳು ಸೂಲಗಿತ್ತಿ ಆದದ್ದು ಹೀಗೇ. ಆದರೆ ತಮಿಳಿನಲ್ಲಿ ‘ಸೂಲ್’ ಅಂದರೆ ಬಸಿರು. ಅಂದರೆ ಹೆಂಡತಿ ತಿಳಿದ ಅರ್ಥವೂ ಪದದಿಂದ ತುಂಬಾ ದೂರ ಇಲ್ಲ, ಅಲ್ವಾ? ನಾನಂತೂ ಸೂಲನ್ನು ಈದ ಲೆಕ್ಕ ಅಂತಲೇ ಹಿಡಿಯುತ್ತೇನೆ. ‘ಎರಡನೇ ಸೂಲಿನ ಹಾಲು’ ಅಂದರೆ ಈದಾಗಿದೆ. ‘ಎರಡನೇ ಸೂಲಿಗೆ ಗಬ್ಬ’ ಅಂದರೆ ಈಯಬೇಕು. ಪದದ ಕೊನೆಗೆ ಸೇರುವ ‘ಇನ’, ‘ಗೆ’ಗಳೇ ಇಲ್ಲಿ ಅರ್ಥ ಬಿಡಿಸುತ್ತವೆ. ಬರೀ ‘ಎರಡನೇ ಸೂಲು’ ಅಂದಾಗಲೇ ತೊಡಕು.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಹೆಂಗಸಿಗೆ ಬಸಿರು, ಆಡಿಗೆ ಗಬ್ಬ. ಹೆಂಗಸು ಹೆರುತ್ತಾಳೆ, ಆಡು ಈಯುತ್ತದೆ. ಹೀಗೆ ನಡುವೆ ಬೇಲಿ ಹಾಕಿದ ಭಾಷೆಯಲ್ಲಿ ಸೂಲು, ಚೊಚ್ಚಲು ಎರಡೂ ಬೇಲಿ ದಾಟಿ ಓಡಾಡುತ್ತವೆ. ಕರೆ ಅನ್ನುವುದರ ಕಥೆ ಬೇರೆ. ಹಾಲು ಕರೆಯುವುದು, ಹೆಸರು ಹಿಡಿದು ಕರೆಯುವುದು ಇವತ್ತು ಒಂದೇ ಥರ ಕಾಣುತ್ತವೆ. ಹಳಗನ್ನಡದಲ್ಲಿ ಹಾಲಿನದು ‘ಕಱೆ’, ಕೂಗುವುದು ‘ಕರೆ’. ಱ ಅನ್ನುವ ಹಳೆಯ ಅಕ್ಷರ ಬಿಟ್ಟುಹೋದ ಮೇಲೆ ಎರಡೂ ಬೆರೆತವು.

ನನ್ನ ಪ್ರಶ್ನೆ ಎರಡು. ಬರೀ ‘ಎರಡನೇ ಸೂಲು’ ಅಂದರೆ ನಿಮ್ಮ ಕಡೆ ಈದದ್ದೋ, ಈಯಬೇಕಾದದ್ದೋ? ಆಡು ಸಾಕಿದವರ ಬಾಯಿಂದ ಕೇಳಿದ ಇಡೀ ವಾಕ್ಯ ಬರೆದರೆ ಜಾಸ್ತಿ ಉಪಯೋಗ.

ಎರಡನೆಯದು ನಮ್ಮ ಚಿಕ್ಕ ಆಡಿನದು. ಅದು ಇನ್ನೂ ಈದಿಲ್ಲ, ಮರಿ ಅನ್ನುವ ಹಾಗೂ ಇಲ್ಲ. ಹಸುವಾಗಿದ್ದರೆ ಕಡಸು ಅನ್ನುತ್ತಿದ್ದೆವು. ಆಡಿಗೂ ಕಡಸು ಅನ್ನುವುದನ್ನು ಕೇಳಿದ್ದೀರಾ, ಅಥವಾ ಅದಕ್ಕೆಂದೇ ಬೇರೆ ಪದ ಬಳಸುತ್ತೀರಾ?