ಸಹಾಯ ಬೇಕು: ಕಡಲಾಮೆ ಮೊಟ್ಟೆ ಎತ್ತಬೇಕಾ, ಅಲ್ಲೇ ಬಿಡಬೇಕಾ?

ಎಲ್ಲರಿಗೂ ನಮಸ್ಕಾರ. ಅನುಮತಿ ಪಡೆದು ಕಡಲಾಮೆ ಗೂಡು ಕಾಯುವ ಸಣ್ಣ ತಂಡ ನಮ್ಮದು. ಇಲ್ಲಿಯವರೆಗೆ ಗೂಡು ನೀರಿಗೆ ಹತ್ತಿರ ಕಂಡರೆ ಸಾಕು, ಮೊಟ್ಟೆ ಎತ್ತಿ ಹ್ಯಾಚರಿಗೆ (ಮೊಟ್ಟೆಗಳನ್ನು ಮರಳಲ್ಲಿ ಹೂತು ಕಾಯುವ ಜಾಗ) ಹಾಕುತ್ತಿದ್ದೆವು. ಸುಮ್ನೆ ಕಣ್ಣಂದಾಜು. ಈಗ ಅದು ಸರಿಯಾ ಅಂತ ಅನುಮಾನ ಬಂದಿದೆ.

ಮೊನ್ನೆ ಹ್ಯಾಚರಿ ಮರಳಿನಲ್ಲಿ ಹೂತಿದ್ದ ಲಾಗರ್ (ಬಿಸಿ ಅಳೆದು ದಾಖಲಿಸುವ ಸಣ್ಣ ಯಂತ್ರ) ತೆಗೆದು ನೋಡಿದರೆ 33 ಡಿಗ್ರಿ! ಮರಿ ಗಂಡೋ ಹೆಣ್ಣೋ ಅನ್ನೋದು ಕಾವಿನ ನಡುವಿನ ದಿನಗಳ ಬಿಸಿ ಮೇಲೆ ನಿಂತಿದೆ, ಸುಮಾರು 29 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಹುಟ್ಟುತ್ತವೆ, ಅದಕ್ಕಿಂತ ಜಾಸ್ತಿ ಆದಷ್ಟೂ ಹೆಣ್ಣೇ, ಇನ್ನೂ ಏರಿದರೆ ಮೊಟ್ಟೆಯೊಳಗೇ ಸಾಯುತ್ತವೆ. ಅಂದರೆ ಅಲೆಯಿಂದ ಉಳಿಸಿ ಬಿಸಿಲಿಗೆ ಕೊಟ್ಟ ಹಾಗಾಯಿತು ಅಲ್ವಾ?

ಯೋಚಿಸಲು ಸಮಯವೂ ಇಲ್ಲ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಆಮೇಲೆ ಮೊಟ್ಟೆ ಉರುಳಿದರೆ ಭ್ರೂಣ ಸಾಯಬಹುದು. ರಾತ್ರಿ ಟಾರ್ಚ್ ಹಿಡಿದು, ಮರಳಲ್ಲಿ ಮಂಡಿಯೂರಿ ಕೂತು ಅಲ್ಲೇ ತೀರ್ಮಾನ ಮಾಡಬೇಕು. ಹಾಗಾಗಿ ಮೊದಲೇ ನಿಯಮ ಬರೆದಿಟ್ಟುಕೊಳ್ಳೋಣ ಅಂತ.

ನಮ್ಮ ಹತ್ತಿರ ಉಬ್ಬರವಿಳಿತದ ಪಟ್ಟಿ, ಪ್ರತಿ ಗೂಡಿನ ಜಿಪಿಎಸ್ ಗುರುತು, ಮಳೆ ಲೆಕ್ಕ, ಮೂರು ಲಾಗರ್ ಇವೆ. ದಂಡೆಯ ಎತ್ತರ ಅಳೆದಿಲ್ಲ, ಅದೇ ದೊಡ್ಡ ಕೊರತೆ ಅನಿಸುತ್ತದೆ. ಒಮ್ಮೆ ಅಲೆ ಬಡಿದು ನೀರು ಬಸಿದುಹೋಗುವ ಗೂಡನ್ನೂ, ದಿನಗಟ್ಟಲೆ ನೆನೆಯುವ ಗೂಡನ್ನೂ ಬೇರೆ ಮಾಡಿ ನೋಡೋದು ಹೇಗೆ? ಲಾಗರ್ ಮೊಟ್ಟೆಗಳ ನಡುವೆ ಇಡಬೇಕಾ, ಪಕ್ಕದ ಮರಳಲ್ಲಿ ಸಾಕಾ? ಕೊನೆ ದಿನಗಳಲ್ಲಿ ಮರಿಗಳ ಮೈಬಿಸಿಯೂ ಸೇರುತ್ತಲ್ಲ, ಅದಕ್ಕೆ ಕೇಳಿದೆ. ಹ್ಯಾಚರಿಗೆ ನೆರಳುಬಲೆ ಹಾಕಿದವರು ಇದ್ದರೆ ಎಷ್ಟು ಡಿಗ್ರಿ ಇಳಿಯಿತು ಅಂತ ದಯವಿಟ್ಟು ಹೇಳಿ.